ಹದಿಹರೆಯದವರಿಗೆ ತುರ್ತು ಮಾತ್ರೆ: ಸುಲಭವಾಗಿ ದೊರೆಯಬೇಕೆ?

ಸಂಘದ ಸ್ಮರಣ ಸಂಚಿಕೆಗಳ ಆರೋಗ್ಯ ವಿಭಾಗದಲ್ಲಿ ಮಧುಮೇಹ, ರಕ್ತದೊತ್ತಡ, ಮೊಣಕಾಲು ನೋವು ಮೊದಲಾದ ವಿಷಯಗಳಿಗೆ ಸ್ಥಾನ ದೊರೆಯುವುದು ವಾಡಿಕೆ. ಇವು ಹಿರಿಯರ ಕಾಯಿಲೆಗಳು. ಇವನ್ನು ಕುರಿತು ನಾಲ್ಕು ಜನರೆದುರು ಮಾತನಾಡಲು ಯಾರಿಗೂ ಸಂಕೋಚವಿಲ್ಲ. ಆದರೆ ಅವೇ ಮನೆಗಳಲ್ಲಿ ಹದಿನೈದು, ಹದಿನಾರು, ಹದಿನೇಳು ವರ್ಷದ ಹೆಣ್ಣುಮಕ್ಕಳೂ ಬೆಳೆಯುತ್ತಿರುತ್ತಾರೆ. ಅವರ ಆರೋಗ್ಯಕ್ಕೆ ಸಂಬಂಧಿಸಿದ ಒಂದು ಪ್ರಶ್ನೆ ತಂದೆತಾಯಂದಿರ ನಡುವೆ ಬಹುಕಾಲದಿಂದ ಪಿಸುಮಾತಾಗಿಯೇ ಉಳಿದಿದೆ. ತುರ್ತು ಗರ್ಭನಿರೋಧಕ ಮಾತ್ರೆಯು ಈ ವಯಸ್ಸಿನವರ ಕೈಗೆ ಸುಲಭವಾಗಿ ಸಿಗುವುದು ಯುಕ್ತವೆ, ಎಂಬುದೇ ಆ ಪ್ರಶ್ನೆ.

ಭಾರತದಲ್ಲಿ 2005ರಿಂದ ಈ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆ ಮಾರಲು ಅವಕಾಶವಿದೆ. ಕೊಳ್ಳುವವರ ವಯಸ್ಸನ್ನು ವಿಚಾರಿಸಬೇಕೆಂಬ ಕಟ್ಟಳೆಯಿಲ್ಲ. ಈ ಸ್ಥಿತಿ ಬದಲಾಗಿ, ಹದಿನೆಂಟು ತುಂಬದವರಿಗಾದರೂ ಇದು ವೈದ್ಯರ ಚೀಟಿಯ ಮೇಲೆಯೇ ದೊರೆಯುವಂತಾಗಬೇಕೆಂದು ಬಯಸುವ ಪೋಷಕರು ಬಹಳ ಮಂದಿ ಇದ್ದಾರೆ. ಅವರ ಆತಂಕ ಸಕಾರಣವಾದುದು. ಅವರು ಸೂಚಿಸುವ ಪರಿಹಾರ ಮಾತ್ರ ತಪ್ಪಾದುದು.

ಮೊದಲು ಮಾತ್ರೆಯ ಸಂಗತಿ. ಇದನ್ನು ಕುರಿತು ಬಿಸಿಬಿಸಿಯಾಗಿ ವಾದಿಸುವವರಲ್ಲಿ ಅನೇಕರು ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ತಿಳಿದುಕೊಂಡಿರುವುದಿಲ್ಲ. ಔಷಧದ ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ತುರ್ತು ಮಾತ್ರೆಯಲ್ಲಿರುವುದು ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನು, 1.5 ಮಿಲಿಗ್ರಾಂ. ದಿನನಿತ್ಯ ಸೇವಿಸುವ ಗರ್ಭನಿರೋಧಕ ಮಾತ್ರೆಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ ವಸ್ತುವೇ ಇದು. ಇಲ್ಲಿ ಪ್ರಮಾಣ ಹೆಚ್ಚು, ಸೇವನೆ ಒಂದೇ ಸಲ. ಅರಕ್ಷಿತ ಸಮಾಗಮವಾದ 72 ಗಂಟೆಗಳೊಳಗೆ, ಸಾಧ್ಯವಾದಷ್ಟು ಬೇಗ, ಇದನ್ನು ನುಂಗಬೇಕು. ಐದನೆಯ ದಿನದವರೆಗೂ ಸ್ವಲ್ಪ ಫಲ ಉಳಿದಿರುವುದಾದರೂ ಗಂಟೆ ಕಳೆದಂತೆಲ್ಲ ಅದು ಕ್ಷೀಣಿಸುತ್ತದೆ. ಅಂಡಾಶಯದಿಂದ ಅಂಡಾಣು ಹೊರಬೀಳುವುದನ್ನು ತಡೆಯುವುದು ಅಥವಾ ಮುಂದೂಡುವುದು ಇದರ ಮುಖ್ಯ ಕಾರ್ಯ. ಅಂಡಾಣು ಆಗಲೇ ಹೊರಬಿದ್ದಿದ್ದರೆ ಇದರಿಂದ ಹೆಚ್ಚಿನ ನೆರವಿಲ್ಲ. ಗರ್ಭ ನಿಂತ ಮೇಲೆ ನುಂಗಿದರೆ ಇದರಿಂದ ಗರ್ಭಪಾತವಾಗದು.

ಈ ಕೊನೆಯ ಮಾತನ್ನು ಮತ್ತೊಮ್ಮೆ ಹೇಳಬೇಕಾಗಿದೆ. ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಗಳ ಜೋಡಿಯೊಂದುಂಟು. ಗರ್ಭಪಾತಕ್ಕೆ ಬಳಸುವುದು ಅದನ್ನು. ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವುದು ಅಪರಾಧ. ವೈದ್ಯರ ಮೇಲ್ವಿಚಾರಣೆಯಿಲ್ಲದೆ ನುಂಗಿದರೆ ತೀವ್ರ ರಕ್ತಸ್ರಾವಕ್ಕೆ ದಾರಿಯಾಗಬಹುದು. ಜನರ ಬಾಯಲ್ಲಿ ಎರಡೂ ‘ಆ ಮಾತ್ರೆ’ಯೇ ಆಗಿಬಿಟ್ಟಿವೆ. ಒಂದಕ್ಕೆ ಸಲ್ಲಬೇಕಾದ ಭಯ ಮತ್ತೊಂದಕ್ಕೆ ಸಲ್ಲುತ್ತಿರುವುದು ಈ ಗೊಂದಲದಿಂದಲೇ.

ತುರ್ತು ಮಾತ್ರೆಗೆ ವಯಸ್ಸಿನ ಮಿತಿ ಬೇಕಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ವಾಕರಿಕೆ, ತಲೆನೋವು, ಮುಂದಿನ ಮುಟ್ಟು ಕೆಲವು ದಿನ ಹಿಂದುಮುಂದಾಗುವುದು, ಇವು ಸಾಮಾನ್ಯ ಪರಿಣಾಮಗಳು. ನುಂಗಿದ ಎರಡು ಗಂಟೆಗಳೊಳಗೆ ವಾಂತಿಯಾದರೆ ಮತ್ತೊಂದು ಮಾತ್ರೆ ಬೇಕಾಗುತ್ತದೆ. ಮುಟ್ಟು ಒಂದು ವಾರಕ್ಕಿಂತ ಹೆಚ್ಚು ತಡವಾದರೆ ಗರ್ಭಪರೀಕ್ಷೆ ಮಾಡಿಸಲೇಬೇಕು. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್, ಅಪಸ್ಮಾರಕ್ಕೆ ಕೊಡುವ ಕೆಲವು ಔಷಧಗಳು ಇದರ ಬಲವನ್ನು ಕುಗ್ಗಿಸುತ್ತವೆ. ಕ್ಷಯ ಇನ್ನೂ ವ್ಯಾಪಕವಾಗಿರುವ ಮಹಾನಗರಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಲೈಂಗಿಕ ರೋಗಗಳಿಂದ ಇದು ರಕ್ಷಿಸದು. ಒಮ್ಮೆ ನುಂಗಿದ ಮಾತ್ರೆ ಮರುವಾರದ ಅಜಾಗ್ರತೆಗೆ ಅನ್ವಯಿಸದು. ಪದೇ ಪದೇ ಬಳಸುವುದಕ್ಕೆ ಇದು ತಕ್ಕ ಸಾಧನವಲ್ಲ. ಅದಕ್ಕೆ ಇದಕ್ಕಿಂತ ಅಗ್ಗವಾದ, ಹೆಚ್ಚು ಫಲಕಾರಿಯಾದ ಸಾಧನಗಳಿವೆ. ಇಷ್ಟನ್ನು ಹೇಳಲು ವೈದ್ಯಕೀಯ ಪದವಿ ಬೇಕಿಲ್ಲ. ಆದರೆ ಅಂಗಡಿಯ ಗಲ್ಲೆಯ ಮುಂದೆ ತಲೆತಗ್ಗಿಸಿ ನಿಂತ ಹುಡುಗಿಗೆ ಇಷ್ಟನ್ನು ಹೇಳುವವರು ಸಿಗುವುದು ಕಷ್ಟ.

ಗರ್ಭನಿರೋಧವನ್ನು ಕುರಿತ ವಿವಾದ ಮುಂಬಯಿಗೂ ಮೈಸೂರಿಗೂ ಹೊಸತಲ್ಲ. ಮಹರ್ಷಿ ಧೋಂಡೊ ಕೇಶವ ಕರ್ವೆಯವರ ಪುತ್ರ ರಘುನಾಥ ಧೋಂಡೊ ಕರ್ವೆಯವರು 1921ರಲ್ಲಿ ಮುಂಬಯಿಯಲ್ಲಿ ಸಂತಾನ ನಿಯಂತ್ರಣ ಕೇಂದ್ರವನ್ನು ತೆರೆದಾಗ ಅವರಿಗೆ ಸಂದ ಪ್ರತಿಫಲವೆಂದರೆ ಬೈಗುಳ ಮತ್ತು ನ್ಯಾಯಾಲಯದ ಕಟಕಟೆ. ಗಣಿತದ ಪ್ರಾಧ್ಯಾಪಕರಾಗಿದ್ದ ಅವರು ಈ ಕಾರ್ಯಕ್ಕಾಗಿ ಕಾಲೇಜಿನ ಉದ್ಯೋಗವನ್ನೂ ಬಿಡಬೇಕಾಯಿತು. 1927ರಲ್ಲಿ ಆರಂಭಿಸಿದ ‘ಸಮಾಜಸ್ವಾಸ್ಥ್ಯ’ ಎಂಬ ಮರಾಠಿ ಮಾಸಪತ್ರಿಕೆಯನ್ನು ಅವರು 1953ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದರು. ಆ ಪತ್ರಿಕೆಯ ಮೇಲೆ ಅಶ್ಲೀಲತೆಯ ಮೊಕದ್ದಮೆ ಬಂದಾಗ 1934ರಲ್ಲಿ ಅವರ ಪರವಾಗಿ ವಾದಿಸಿದವರು ಡಾಕ್ಟರ್ ಅಂಬೇಡ್ಕರ್. ಇತ್ತ ಮೈಸೂರು ಸಂಸ್ಥಾನವು 1930ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಸರ್ಕಾರವೇ ಮುಂದೆ ನಿಂತು ಇಂಥ ಕೇಂದ್ರಗಳನ್ನು ತೆರೆದುದು ಜಗತ್ತಿನಲ್ಲಿಯೇ ಬಹುಶಃ ಅದೇ ಮೊದಲು. ಕನ್ನಡಿಗರು ಈ ಹೆಮ್ಮೆಯನ್ನು ಅಷ್ಟಾಗಿ ಹೇಳಿಕೊಳ್ಳದಿರುವುದು ಸೋಜಿಗ. 1968ರಲ್ಲಿ ಕೇಂದ್ರ ಸರ್ಕಾರವು ‘ನಿರೋಧ್’ಅನ್ನು ಹದಿನೈದು ಪೈಸೆಗೆ ಮೂರರಂತೆ ಕಿರಾಣಿ ಅಂಗಡಿಗಳಲ್ಲಿಯೂ ಮಾರಾಟಕ್ಕಿಟ್ಟಿತು. ಸಾಧನ ಕೈಗೆಟುಕಿದರೆ ನೀತಿ ಕೆಡುವುದೆಂಬ ಆಕ್ಷೇಪ ಇಂಥ ಪ್ರತಿಯೊಂದು ಸಂದರ್ಭದಲ್ಲಿಯೂ ಎದ್ದಿತು. ಗಾಂಧೀಜಿಯವರೂ, 1935ರ ಕೊನೆಯಲ್ಲಿ ವಾರ್ಧಾಕ್ಕೆ ಬಂದ ಮಾರ್ಗರೆಟ್ ಸ್ಯಾಂಗರ್ ಅವರೊಡನೆ ಮಾತನಾಡುವಾಗ, ಸಂಯಮದ ಹೊರತು ಬೇರೆ ಮಾರ್ಗವನ್ನು ಒಪ್ಪಲಿಲ್ಲ.

ಈ ಹೋಲಿಕೆ ಪೂರ್ತಿಯಾಗಿ ಹೊಂದುವುದಿಲ್ಲವೆಂಬುದೂ ನಿಜ. ಆ ಕೇಂದ್ರಗಳೂ ಪ್ರಚಾರಗಳೂ ಮುಖ್ಯವಾಗಿ ವಿವಾಹಿತ ದಂಪತಿಗಳನ್ನು ಗಮನದಲ್ಲಿಟ್ಟುಕೊಂಡವು. ಇಲ್ಲಿ ಎದುರಿಗಿರುವುದು ಅಪ್ರಾಪ್ತ ವಯಸ್ಕ ಹುಡುಗಿ. ಆದರೆ ‘ಹದಿಹರೆಯದ ಹುಡುಗಿ’ ಎಂದೊಡನೆ ಪ್ರೇಮಪಾಶದಲ್ಲಿ ಸಿಲುಕಿದ ಕಾಲೇಜು ಕನ್ಯೆಯೊಬ್ಬಳೇ ಕಣ್ಣಮುಂದೆ ಬರುವುದೂ ಸರಿಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಇಪ್ಪತ್ತರಿಂದ ಇಪ್ಪತ್ನಾಲ್ಕು ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ಶೇಕಡ 23ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಮಾತ್ರೆಗೆ ವಯಸ್ಸಿನ ಬೇಲಿ ಹಾಕಿದರೆ, ಗಂಡನ ಮನೆಯಲ್ಲಿ ತನ್ನ ಮಾತಿಗೆ ಬೆಲೆಯಿಲ್ಲದ ಈ ಹುಡುಗಿಯೂ ಅದರ ಹೊರಗೇ ಉಳಿಯುತ್ತಾಳೆ.

ಕಾನೂನು ವಯಸ್ಸನ್ನು ಎಣಿಸುವ ರೀತಿ ವಿಚಿತ್ರವಾದುದು. ಹತ್ತು ವರ್ಷ ದಾಟಿದ ಮಗುವು ಬ್ಯಾಂಕಿನಲ್ಲಿ ಉಳಿತಾಯ ಖಾತೆಯನ್ನು ತೆರೆದು ತಾನೇ ನಡೆಸಬಹುದೆಂದು ರಿಸರ್ವ್ ಬ್ಯಾಂಕು 2014ರಲ್ಲಿ ಒಪ್ಪಿತು. ಹಣ ಎಷ್ಟರವರೆಗೆ, ಚೆಕ್ಕು ಪುಸ್ತಕ ಕೊಡಬೇಕೆ ಎಂಬುದು ಆಯಾ ಬ್ಯಾಂಕಿನ ವಿವೇಚನೆಗೆ ಸೇರಿದ್ದು. ಹದಿನಾರಕ್ಕೆ ಗೇರಿಲ್ಲದ ಸಣ್ಣ ದ್ವಿಚಕ್ರ ವಾಹನವನ್ನು ನಡೆಸುವ ಪರವಾನಗಿ. ಆದರೆ ಲೈಂಗಿಕ ಸಂಬಂಧಕ್ಕೆ ಕೊಡುವ ಸಮ್ಮತಿಯು 2012ರ ಪೋಕ್ಸೊ ಕಾಯಿದೆಯ ಪ್ರಕಾರ ಹದಿನೆಂಟರವರೆಗೆ ಸಮ್ಮತಿಯೇ ಅಲ್ಲ. ಅದಕ್ಕೆ ಮೊದಲು ಆ ಮಿತಿ ಹದಿನಾರಾಗಿತ್ತು. ಮಿತಿಯನ್ನು ಏರಿಸಿದುದರ ಹಿಂದಿನ ಉದ್ದೇಶ ಒಳ್ಳೆಯದು. ಮಕ್ಕಳ ಮೇಲೆ ಎಸಗುವ ದೌರ್ಜನ್ಯಕ್ಕೆ ಕಠಿಣವಾದ ಕಾಯಿದೆ ಬೇಕೇ ಬೇಕು. ಹದಿನೇಳರ ಹುಡುಗಿ ಮತ್ತು ಹದಿನೆಂಟರ ಹುಡುಗನ ನಡುವಣ ಒಲವನ್ನೂ ಅದೇ ಕಾಯಿದೆಯ ತಕ್ಕಡಿಯಲ್ಲಿ ತೂಗಬೇಕಾಗಿ ಬಂದುದರಿಂದ ನ್ಯಾಯಾಲಯಗಳೇ ಕಳವಳಗೊಂಡಿವೆ. ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು 2022ರಲ್ಲಿ ಈ ವಯೋಮಿತಿಯನ್ನು ಪುನಃ ಪರಿಶೀಲಿಸುವಂತೆ ಕಾನೂನು ಆಯೋಗವನ್ನು ಕೇಳಿಕೊಂಡಿತು. ಆಯೋಗವು 2023ರಲ್ಲಿ ವರದಿ ಸಲ್ಲಿಸಿ, ಮಿತಿಯನ್ನು ಇಳಿಸುವುದು ಬೇಡ, ಹದಿನಾರರಿಂದ ಹದಿನೆಂಟರ ನಡುವಣವರ ಪ್ರಕರಣಗಳಲ್ಲಿ ಶಿಕ್ಷೆಯ ಮಟ್ಟಿಗೆ ನ್ಯಾಯಾಧೀಶರಿಗೆ ವಿವೇಚನೆಯಿರಲಿ ಎಂದಿತು.

ಈ ಕಾಯಿದೆಗೂ ಮಾತ್ರೆಗೂ ಏನು ಸಂಬಂಧ? ಸಂಬಂಧ ಬಹಳ ನಿಕಟವಾದುದು. ಪೋಕ್ಸೊ ಕಾಯಿದೆಯ 19ನೆಯ ವಿಧಿಯ ಪ್ರಕಾರ, ಇಂಥ ಸಂಗತಿಯನ್ನು ತಿಳಿದ ಯಾರೇ ಆಗಲಿ, ವೈದ್ಯರೂ ಸಹ, ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು ದಂಡನೀಯ. ಹದಿನೆಂಟು ತುಂಬದವಳ ಗರ್ಭಪಾತಕ್ಕೆ 1971ರ ಕಾಯಿದೆಯಂತೆ ಪೋಷಕರ ಲಿಖಿತ ಒಪ್ಪಿಗೆ ಅವಶ್ಯಕ. ಹುಡುಗಿಯೂ ಪೋಷಕರೂ ಕೋರಿದಲ್ಲಿ ವೈದ್ಯರು ಪೊಲೀಸರಿಗೆ ಮಾಹಿತಿ ಕೊಡುವಾಗ ಆಕೆಯ ಹೆಸರು ವಿಳಾಸಗಳನ್ನು ತಿಳಿಸಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2022ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತು ಸ್ವಲ್ಪ ಸಮಾಧಾನ ಉಂಟುಮಾಡಿತು. ಆದರೂ ಹದಿನೇಳರ ಹುಡುಗಿಗೆ ವೈದ್ಯರ ಕೊಠಡಿಯೆಂದರೆ ಒಂದು ಕಡೆ ತಂದೆ, ಇನ್ನೊಂದು ಕಡೆ ಠಾಣೆ. ಇಂಥವಳಿಗೆ ವೈದ್ಯರ ಚೀಟಿಯಿದ್ದರೆ ಮಾತ್ರ ಮಾತ್ರೆ ಎಂದು ವಿಧಿಸುವುದೂ ಮಾತ್ರೆಯೇ ಇಲ್ಲವೆಂದು ಹೇಳುವುದೂ ಒಂದೇ. 72 ಗಂಟೆ ಎಂದರೆ ಶುಕ್ರವಾರದ ರಾತ್ರಿಯಿಂದ ಸೋಮವಾರದ ರಾತ್ರಿ. ಅದರೊಳಗೆ ಒಂದು ಭಾನುವಾರ ಬರುತ್ತದೆ, ಅಂದು ಚಿಕಿತ್ಸಾಲಯಕ್ಕೆ ಬೀಗ. ಸೋಮವಾರ ಕಾಲೇಜು, ಮನೆಯವರ ಕಣ್ಣು. ಅವಳು ಯೋಚಿಸಿ ಧೈರ್ಯ ತಂದುಕೊಳ್ಳುವಷ್ಟರಲ್ಲಿ ಮಾತ್ರೆಯ ಅವಧಿ ಮುಗಿದಿರುತ್ತದೆ. ಆಮೇಲೆ ಉಳಿಯುವುದು ಗರ್ಭಪಾತ. ಅದಕ್ಕೆ ಅದೇ ತಂದೆ, ಅದೇ ಠಾಣೆ. ಅವೆರಡನ್ನೂ ತಪ್ಪಿಸಿಕೊಳ್ಳಲು ಹೊರಟವಳು ಎಂಥವರ ಕೈಗೆ ಸಿಕ್ಕಿಬೀಳುವಳೆಂಬುದನ್ನು ವಿವರಿಸಬೇಕಾಗಿಲ್ಲ.

ಅಮೆರಿಕದಲ್ಲಿ ಈ ಪ್ರಶ್ನೆ ಹದಿನಾಲ್ಕು ವರ್ಷ ಎಳೆದಾಡಿತು. 1999ರಲ್ಲಿ ವೈದ್ಯರ ಚೀಟಿಯ ಮೇಲೆ ಬಂದ ಮಾತ್ರೆ, 2006ರಲ್ಲಿ ಹದಿನೆಂಟು ದಾಟಿದವರಿಗೆ ಚೀಟಿಯಿಲ್ಲದೆ ದೊರೆಯಿತು. 2011ರಲ್ಲಿ ಔಷಧ ನಿಯಂತ್ರಣ ಇಲಾಖೆಯು ವಯೋಮಿತಿಯನ್ನು ತೆಗೆದುಹಾಕಲು ಸಿದ್ಧವಾದಾಗ ಆರೋಗ್ಯ ಖಾತೆಯ ಮುಖ್ಯಸ್ಥರೇ ಅಡ್ಡ ಬಂದರು. 2013ರಲ್ಲಿ ನ್ಯಾಯಾಲಯ ಛೀಮಾರಿ ಹಾಕಿದ ಮೇಲೆ ಮಿತಿ ಹೋಯಿತು. ಭಾರತದಲ್ಲಿ ಇಷ್ಟು ಗದ್ದಲವಿಲ್ಲದೆ ಬಾಗಿಲು ತೆರೆಯಿತು. ತೆರೆದುದು ಬಹುಮಂದಿಗೆ ತಿಳಿಯಲೂ ಇಲ್ಲ.

ಚೆನ್ನೈಯ ಕನ್ನಡಿಗರಿಗೆ ಇನ್ನೊಂದು ಬಗೆಯ ಅನುಭವವುಂಟು. ತಮಿಳುನಾಡಿನಲ್ಲಿ ಈ ಮಾತ್ರೆಗೆ ಕಾನೂನಿನ ನಿಷೇಧವಿಲ್ಲ. ಆದರೂ ಅಲ್ಲಿಯ ಬಹುಪಾಲು ಔಷಧದ ಅಂಗಡಿಗಳಲ್ಲಿ ಅದು ವರ್ಷಾನುಗಟ್ಟಲೆ ಕಣ್ಣಿಗೆ ಬಿದ್ದಿಲ್ಲ. ಕೇಳಿದರೆ ‘ಇಲ್ಲ’ ಎಂಬ ಒಂದೇ ಉತ್ತರ. ಬೆಂಗಳೂರಿನಿಂದಲೋ ಪುದುಚೇರಿಯಿಂದಲೋ ತರಿಸಿಕೊಳ್ಳಬಲ್ಲವರಿಗೆ ಇದರಿಂದ ಬಾಧೆಯಿಲ್ಲ. ತೊಂದರೆಯೆಲ್ಲ ಪಟ್ಟಣದಲ್ಲಿ ಗೆಳೆಯರಿಲ್ಲದ, ಕೈಯಲ್ಲಿ ಹಣವಿಲ್ಲದ ಹುಡುಗಿಗೆ. ನಿರ್ಬಂಧಗಳ ಭಾರ ಯಾವಾಗಲೂ ಚಿಕ್ಕ ಖಾತೆದಾರರ ಮೇಲೆಯೇ ಬೀಳುವುದು ಬ್ಯಾಂಕಿನ ವ್ಯವಹಾರದಲ್ಲಿ ಮಾತ್ರವಲ್ಲ.

ಮಾತ್ರೆ ಕೈಗೆಟುಕಿದರೆ ಮಕ್ಕಳು ದಾರಿ ತಪ್ಪುವರೆಂಬ ಆಕ್ಷೇಪಕ್ಕೆ ಉತ್ತರ ದೊರೆತಿದೆ. ಮುಂಗಡವಾಗಿಯೇ ಮಾತ್ರೆಯನ್ನು ಕೈಯಲ್ಲಿ ಕೊಟ್ಟು ನಡೆಸಿದ ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2007ರಲ್ಲಿ ವಿಮರ್ಶೆಯೊಂದು ಪ್ರಕಟವಾಯಿತು. ಹಾಗೆ ಪಡೆದವರ ನಡತೆ ಪಡೆಯದವರ ನಡತೆಗಿಂತ ಹೆಚ್ಚು ಅಜಾಗ್ರತೆಯದಾಗಿರಲಿಲ್ಲ. ಆದರೆ ಅದೇ ವಿಮರ್ಶೆ ಮತ್ತೊಂದು ಅಂಶವನ್ನೂ ತೋರಿಸಿತು. ಮಾತ್ರೆಯ ಪರವಾಗಿ ಮಾತನಾಡುವವರು ಅದನ್ನು ಮರೆಮಾಚುವುದು ಪ್ರಾಮಾಣಿಕತೆಯಾಗದು. ಒಟ್ಟು ಗುಂಪಿನ ಲೆಕ್ಕದಲ್ಲಿ ಗರ್ಭಧಾರಣೆಗಳ ಸಂಖ್ಯೆ ಇಳಿಯಲಿಲ್ಲ. ಆದ್ದರಿಂದ ಈ ಮಾತ್ರೆಯಿಂದ ದೇಶದ ಅಂಕಿಅಂಶಗಳೇ ಬದಲಾಗುವುವೆಂದು ಆಸೆ ತೋರಿಸುವುದು ಬೇಡ. ಸಮಯಕ್ಕೆ ಸರಿಯಾಗಿ ನುಂಗಿದ ಒಬ್ಬ ಹುಡುಗಿಗೆ ಅದು ನೆರವಾಗುವ ಸಂಭವ ಹೆಚ್ಚು. ವಾದ ನಿಲ್ಲುವುದು ಆ ಒಬ್ಬಳ ಮೇಲೆ, ಅಷ್ಟೇ ಸಾಕು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಮತ್ತೊಂದಿದೆ. ಮಗುವಿನ ಮೇಲೆ ಅತ್ಯಾಚಾರವೆಸಗಿದವನೇ, ಬಂಧುವೋ ನೆರೆಯವನೋ ಪಾಠ ಹೇಳುವವನೋ, ತನ್ನ ಕೃತ್ಯವನ್ನು ಮುಚ್ಚಲು ಅಂಗಡಿಗೆ ಹೋಗಿ ಈ ಮಾತ್ರೆಯನ್ನು ತಂದು ನುಂಗಿಸಬಹುದಲ್ಲ? ತರಬಹುದು. ಈ ಆಕ್ಷೇಪಕ್ಕೆ ಪೂರ್ಣ ಸಮಾಧಾನ ಹೇಳುವುದು ಸಾಧ್ಯವಿಲ್ಲ. ಆದರೆ ವೈದ್ಯರ ಚೀಟಿಯ ನಿಯಮ ಅಂಥವನನ್ನು ತಡೆಯದು; ಪ್ರಾಪ್ತ ವಯಸ್ಕ ಹೆಂಗಸೊಬ್ಬಳ ಹೆಸರಿನಲ್ಲಿ ಚೀಟಿ ತರಿಸಲು ಅವನು ಅರಿಯದವನಲ್ಲ. ತಡೆಗೊಳ್ಳುವುದು ಹುಡುಗಿ ಮಾತ್ರ. ದೌರ್ಜನ್ಯಕ್ಕೊಳಗಾದ ಮಗುವಿಗೆ ಬರಿಯ ಮಾತ್ರೆ ಸಾಲದೆಂಬುದನ್ನು ಪ್ರತಿಯೊಂದು ಮನೆಯಲ್ಲಿಯೂ ತಿಳಿದಿರಬೇಕು. ಎಚ್.ಐ.ವಿ. ಸೋಂಕನ್ನು ತಡೆಯುವ ಔಷಧವನ್ನೂ 72 ಗಂಟೆಗಳೊಳಗೇ ಆರಂಭಿಸಬೇಕು. ಗಾಯಗಳ ಪರೀಕ್ಷೆ, ಸಾಕ್ಷ್ಯ ಸಂಗ್ರಹ, ಮನಸ್ಸಿಗೆ ಸಾಂತ್ವನ, ಇವೆಲ್ಲ ಆಸ್ಪತ್ರೆಯ ಕೆಲಸ. ಇಂಥವರಿಗೆ ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿ ಆಸ್ಪತ್ರೆಯಾಗಲಿ ಉಚಿತವಾಗಿ ಚಿಕಿತ್ಸೆ ನೀಡಲೇಬೇಕೆಂಬುದು ಕಾನೂನು. ಕೇಂದ್ರ ಆರೋಗ್ಯ ಮಂತ್ರಾಲಯದ 2014ರ ಮಾರ್ಗಸೂಚಿಯಲ್ಲಿ ತುರ್ತು ಮಾತ್ರೆಯೂ ಆ ಚಿಕಿತ್ಸೆಯ ಅಂಗವಾಗಿದೆ.

ಜಾಹೀರಾತುಗಳ ವಿಷಯದಲ್ಲಿ ಪೋಷಕರ ದೂರು ನ್ಯಾಯವಾದುದು. ‘ಐ-ಪಿಲ್’ ಎಂಬ ಹೆಸರಿನ ಮಾತ್ರೆಯನ್ನು ಸಿಪ್ಲಾ ಕಂಪನಿಯು 2007ರಲ್ಲಿ ಪೇಟೆಗಿಳಿಸಿದಾಗ ಬೆಲೆ 75 ರೂಪಾಯಿ. ದೂರದರ್ಶನದಲ್ಲಿ ಪುಂಖಾನುಪುಂಖವಾಗಿ ಜಾಹೀರಾತು. ಮೂರೇ ವರ್ಷಗಳಲ್ಲಿ, 2010ರಲ್ಲಿ, ಆ ಹೆಸರನ್ನು ಪಿರಾಮಲ್ ಸಂಸ್ಥೆಯು 95 ಕೋಟಿ ರೂಪಾಯಿಗೆ ಕೊಂಡಿತು. ಹಳೆಯ ಹಾರ್ಮೋನಿಗೆ ಅಂಟಿಸಿದ ಹೊಸ ಹೆಸರಿಗೆ ಇಷ್ಟು ಬೆಲೆ ಬರಬೇಕಾದರೆ ಅದರ ಹಿಂದೆ ಎಷ್ಟು ಜನರ ಭಯ ಕೆಲಸ ಮಾಡಿರಬೇಕು! ಭಯವನ್ನು ಮಾರಿ ನಿಶ್ಚಿಂತೆಯನ್ನು ತೂಗುಹಾಕುವ ಈ ವಿಧಾನದಲ್ಲಿ ರಿಫಾಂಪಿಸಿನ್ ಮಾತಿಗಾಗಲಿ, ತಡವಾದ ಮುಟ್ಟಿನ ಮಾತಿಗಾಗಲಿ ಎಡೆಯಿಲ್ಲ. ಔಷಧವು ಅಂಗಡಿಯಲ್ಲಿರಲಿ, ಸಾಬೂನಿನ ಹಾಗೆ ಅದನ್ನು ಸಾರುವುದು ಬೇಡ.

ಇನ್ನು ಹೊರನಾಡ ಕನ್ನಡಿಗರ ಮನೆಯ ಮಾತು. ಊರಿನಲ್ಲಾದರೆ ಹುಡುಗಿಗೆ ಅಜ್ಜಿಯೋ ಅತ್ತಿಗೆಯೋ ಚಿಕ್ಕಮ್ಮನೋ ಇರುತ್ತಿದ್ದರು. ತಾಯಿಗೆ ಹೇಳಲಾಗದುದನ್ನು ಹಿತ್ತಿಲಲ್ಲಿ ಅವರ ಕಿವಿಯಲ್ಲಿ ಹೇಳಬಹುದಾಗಿತ್ತು. ಆ ಹಿರಿಯರು ಯಾವಾಗಲೂ ಒಳ್ಳೆಯ ಬುದ್ಧಿಯನ್ನೇ ಹೇಳುತ್ತಿದ್ದರೆಂದಲ್ಲ, ಕೇಳುವ ಕಿವಿಯೊಂದಿತ್ತು. ಡೊಂಬಿವಲಿಯ ಎರಡು ಕೋಣೆಗಳ ಮನೆಯಲ್ಲಿ ಏಳೂವರೆಯ ಲೋಕಲ್ ಹಿಡಿಯುವ ತಂದೆತಾಯಿ, ಕಾಲೇಜಿಗೆ ಹೋಗುವ ಮಗಳು, ಮೂವರೇ. ಮೇಲಾಗಿ ಆ ಮನೆಯ ಕನ್ನಡವು ಊಟತಿಂಡಿಗೆ, ಹಬ್ಬಹುಣ್ಣಿಮೆಗೆ, ಊರಿನ ಸುದ್ದಿಗೆ ಸಾಕಾಗುವ ಕನ್ನಡ. ದೇಹವನ್ನು ಕುರಿತು ಮಾತನಾಡಲು ತಾಯಿಗೆ ತಿಳಿದ ಮಾತುಗಳು ‘ಹೊರಗೆ ಕೂರುವುದು’, ‘ದಿನ ನಿಲ್ಲುವುದು’. ಮಗಳಿಗೆ ತಿಳಿದವು ಇಂಗ್ಲಿಷ್ ಮಾತುಗಳು. ಇಬ್ಬರ ನಡುವೆ ಸೇತುವೆಯಾಗುವ ಶಬ್ದವೇ ಇಲ್ಲ. ಶಾಲೆಯಾದರೂ ಈ ಕೆಲಸ ಮಾಡುವುದೆಂದು ನಂಬುವಂತಿಲ್ಲ. ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ಬೇಡವೆಂದ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಕರ್ನಾಟಕವೂ ಸೇರಿದ್ದವು. ಊರು ಬಿಟ್ಟವರಿಗೂ ಊರಿನಲ್ಲಿ ಉಳಿದವರಿಗೂ ಈ ವಿಷಯದಲ್ಲಿ ಒಂದೇ ಮೌನ ಸಿಕ್ಕಿತು. ಮಗಳು ಅಂಗಡಿಯಲ್ಲಿ ಮಾತ್ರೆ ಕೊಳ್ಳುವಳೆಂಬುದಕ್ಕೆ ಹೆದರುವ ತಾಯಿ, ಅಂಗಡಿಯವನಿಗೆ ಬಾಯಿಬಿಟ್ಟು ಹೇಳಿದುದನ್ನು ಅವಳು ತನಗೇಕೆ ಹೇಳಲಿಲ್ಲವೆಂದು ಯೋಚಿಸಬೇಕಾಗಿದೆ.

ಅಂಗಡಿಯ ಬಾಗಿಲು ತೆರೆದಿರಲಿ, ಆದರೆ ಅದೊಂದೇ ಬಾಗಿಲಾಗದಿರಲಿ. ಸಂಘಗಳ ವಾರ್ಷಿಕ ಆರೋಗ್ಯ ಶಿಬಿರದಲ್ಲಿ ಸಕ್ಕರೆ ಪರೀಕ್ಷೆಗೆ, ಕಣ್ಣಿನ ಪರೀಕ್ಷೆಗೆ ಸರದಿಯ ಸಾಲು ನಿಲ್ಲುತ್ತದೆ. ಅದೇ ದಿನ ಒಂದು ಗಂಟೆಯ ಕಾಲ ಹದಿನಾಲ್ಕು ದಾಟಿದ ಹೆಣ್ಣುಮಕ್ಕಳಿಗಾಗಿ ಒಬ್ಬ ಸ್ತ್ರೀರೋಗ ತಜ್ಞೆಯನ್ನು ಕೂಡಿಸಿ, ತಾಯಂದಿರನ್ನು ಹೊರಗಿನ ಕುರ್ಚಿಗಳಲ್ಲಿ ಕುಳ್ಳಿರಿಸುವುದು ದುಬಾರಿಯ ಕೆಲಸವಲ್ಲ. ಯಾರೊಬ್ಬರ ಸ್ವಂತ ಸಂಗತಿಯನ್ನೂ ಕೇಳದೆ, ಸಾಮಾನ್ಯವಾಗಿ ತಿಳಿಸಿಕೊಡುವ ಉಪನ್ಯಾಸವಾದರೆ ಪೋಕ್ಸೊ ಕಾಯಿದೆಯ ತೊಡಕೂ ಬಾರದು. ಗಂಡುಮಕ್ಕಳಿಗೆ ಬೇರೆ ಒಂದು ಗಂಟೆ ಬೇಕು. ಅರ್ಧ ಜವಾಬ್ದಾರಿ ಅವರದಾದರೂ ಅವರನ್ನು ಯಾರೂ ಕೂಡಿಸಿ ಮಾತನಾಡಿಸುವುದಿಲ್ಲ. ಜೊತೆಗೆ ಒಂದು ಹಾಳೆ: 72 ಗಂಟೆಯ ಮಾತು, ವಾಂತಿಯಾದರೆ ಏನು, ಮುಟ್ಟು ತಡವಾದರೆ ಏನು, ಕ್ಷಯದ ಔಷಧ ಸೇವಿಸುತ್ತಿದ್ದರೆ ಏನು, ಬಲಾತ್ಕಾರವಾಗಿದ್ದರೆ ಆಸ್ಪತ್ರೆಗೇ ಏಕೆ ಹೋಗಬೇಕು, ಮತ್ತು ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಹಾಳೆಯ ಒಂದು ಮಗ್ಗುಲಲ್ಲಿ ಕನ್ನಡ, ಮತ್ತೊಂದು ಮಗ್ಗುಲಲ್ಲಿ ಇಂಗ್ಲಿಷ್ ಇರಬೇಕಾದೀತು. ತಾಯಿ ಓದುವ ಲಿಪಿಯನ್ನು ಮಗಳು ಓದಲಾರದ ಮನೆಗಳು ಈಗ ಬಹಳವಾಗಿವೆ.